ಮೂರನೇ ಲಾರಿಯ ಕಾಂಕ್ರೀಟು

ಕ್ವಾಲಿಟಿ ವಿಭಾಗಕ್ಕೆ ಸೇರಿದ ಮೊದಲ ವಾರ. ಡ್ರಮ್ಮಿನಲ್ಲಿ ಕಾಂಕ್ರೀಟ್ ತಿರುಗಿಸುತ್ತಾ ತರುವ ಲಾರಿ, ಟ್ರಾನ್ಸಿಟ್ ಮಿಕ್ಸರ್, ಬಂದು ನಿಂತಿತು. ಡ್ರೈವರ್ ಚ್ಯೂಟ್, ಅಂದರೆ ಮಾಲು ಜಾರಿ ಬೀಳುವ ದೋಣಿ, ಇಳಿಸಿದ ತಕ್ಷಣ ಮೊದಲು ಬಿದ್ದ ಕಾಂಕ್ರೀಟನ್ನೇ ಒಂದು ಬಾಣಲಿಯಲ್ಲಿ ಹಿಡಿದುಕೊಂಡು ಸೀದಾ ಕಾಂಕ್ರೀಟಿನ ಹದ ಅಳೆಯುವ ಸ್ಲಂಪ್ ಕೋನ್ ಹತ್ತಿರ ಹೋದೆ. ನಮ್ಮ ಹಿರಿಯ ಟೆಕ್ನಿಷಿಯನ್ ಅಲ್ಲಿ ನಿಂತಿದ್ದರು. ನಾವೆಲ್ಲ ಅವರನ್ನು ಸರ್ ಅಂತಲೇ ಕರೆಯುತ್ತಿದ್ದೆವು. ಬಾಣಲಿಯೊಳಗೆ ಒಂದು ಸಲ ನೋಡಿ, "ಇದನ್ನ ಚೆಲ್ಲಮ್ಮ" ಎಂದರು.

ಯಾಕೆ ಅಂತ ಗೊತ್ತಾಗಲಿಲ್ಲ. ಕಾಂಕ್ರೀಟ್ ನೋಡೋಕೆ ಚೆನ್ನಾಗೇ ಇತ್ತು. ಆಮೇಲೆ ಅವರೇ ಹೇಳಿದರು. ಡ್ರಮ್ಮಿನ ಬಾಯಿಯ ಹತ್ತಿರ ಇರುವ ಮಾಲು ಇಡೀ ಲೋಡಿನ ಮಾಲಲ್ಲ. ಮೊದಲು ಬೀಳುವುದರಲ್ಲಿ ಕೆಲವು ಸಲ ಬರೀ ಜಲ್ಲಿ ಇರುತ್ತದೆ, ಕೆಲವು ಸಲ ಬರೀ ನೀರು ನೀರಾದ ಗಾರೆ. ಕೊನೆಯಲ್ಲಿ ಬೀಳುವುದೂ ಹಾಗೇ. ಮಧ್ಯದ ಭಾಗದಿಂದ, ಸ್ವಲ್ಪ ಬಿಟ್ಟು ಬಿಟ್ಟು ಕನಿಷ್ಠ ಎರಡು ಸಲ ಹಿಡಿಯಬೇಕು. ಚ್ಯೂಟಿನ ಪೂರ್ತಿ ಅಗಲಕ್ಕೆ ಬಾಣಲಿ ಅಡ್ಡ ಹಿಡಿಯಬೇಕು, ಅಂಚಿನಿಂದ ಕೆರೆದುಕೊಳ್ಳಬಾರದು. ಎಲ್ಲ ತಂದು ತೇವ ಮಾಡಿದ ತಳ್ಳುಗಾಡಿಗೆ ಹಾಕಿ, ಸಲಿಕೆಯಿಂದ ತಿರುವಿ ಒಂದೇ ಮಾಲು ಮಾಡಬೇಕು. ಮೊದಲನೆಯ ಬಾಣಲಿಗೂ ಕೊನೆಯ ಬಾಣಲಿಗೂ ನಡುವೆ 15 ನಿಮಿಷಕ್ಕಿಂತ ಜಾಸ್ತಿ ಆಗಬಾರದು. ಕೊನೆಯ ಬಾಣಲಿ ಹಿಡಿದ 5 ನಿಮಿಷದೊಳಗೆ ಸ್ಲಂಪ್ ಶುರುವಾಗಬೇಕು.

ಇದೆಲ್ಲ ಕೇಳಿದಾಗ ನನಗೆ ಅನ್ನಿಸಿದ್ದು, ಇಷ್ಟೊಂದು ಶಾಸ್ತ್ರ ಬೇಕಾ ಅಂತ. ಈಗ ಕೇಳಿದರೆ ಬೇಕೇ ಬೇಕು ಅಂತೀನಿ. ಪರೀಕ್ಷೆ ಕೆಡುವುದು ಕೋನ್ ಹತ್ತಿರ ಅಲ್ಲ, ಅದಕ್ಕೂ ಮೊದಲು ಮಾಲು ಹಿಡಿಯುವಾಗಲೇ. ಒಂದು ಲಾರಿಯ 6 ಘನ ಮೀಟರ್ ಅಂದರೆ ಸುಮಾರು 14 ಟನ್ ಮಾಲು. ಅದರಲ್ಲಿ ನಾವು ಹಿಡಿಯುವುದು ಒಂದು ತಳ್ಳುಗಾಡಿಯಷ್ಟು. ಆ ಒಂದು ಗಾಡಿ ಸರಿ ಇಲ್ಲದಿದ್ದರೆ ಆಮೇಲೆ ಎಷ್ಟು ನಾಜೂಕಾಗಿ ಅಳೆದರೂ ಏನೂ ಪ್ರಯೋಜನ ಇಲ್ಲ.

ಸ್ಲಂಪ್ ಕೋನ್ ಅನ್ನು ನೋಡಿಲ್ಲದವರಿಗೆ ಹೇಳುತ್ತೇನೆ. ತಳವೂ ಇಲ್ಲದ, ಮುಚ್ಚಳವೂ ಇಲ್ಲದ ತಗಡಿನ ಕೊಳಗದ ಹಾಗಿರುತ್ತದೆ. ಎತ್ತರ 300 ಮಿ.ಮೀ., ತಳ 200, ಬಾಯಿ 100. ಪಕ್ಕದಲ್ಲಿ ಎರಡು ಹಿಡಿ, ಕೆಳಗೆ ಕಾಲಿಟ್ಟು ಒತ್ತಿ ಹಿಡಿಯೋಕೆ ಎರಡು ಕಿವಿ. ಜೊತೆಗೆ 16 ಮಿ.ಮೀ. ದಪ್ಪದ, 600 ಮಿ.ಮೀ. ಉದ್ದದ ಸಲಾಕೆ. ಅದರ ತುದಿ ದುಂಡಗಿರಬೇಕು. ಸೈಟಿನಲ್ಲಿ ಕತ್ತರಿಸಿ ಬಿಸಾಡಿದ ಕಂಬಿ ಎತ್ತಿಕೊಂಡು ಕುಟ್ಟುವವರನ್ನು ನೋಡಿದ್ದೇನೆ. ಅದು ಆಗದು. ಏಣು ಏಣಾದ ಕಂಬಿ, ಚೂಪು ತುದಿ, ಜಲ್ಲಿಯನ್ನು ಪಕ್ಕಕ್ಕೆ ಸರಿಸುವ ಬದಲು ಸಿಕ್ಕಿಸಿಕೊಂಡು ಎಳೆಯುತ್ತದೆ.

ಕೋನಿನ ಒಳಗಡೆ, ಕೆಳಗಿನ ತಗಡು, ಎರಡನ್ನೂ ಒದ್ದೆ ಬಟ್ಟೆಯಿಂದ ಒರೆಸಬೇಕು. ನೀರು ನಿಲ್ಲಬಾರದು, ಒಣಗಿಯೂ ಇರಬಾರದು. ಎರಡು ಕಿವಿಗಳ ಮೇಲೂ ಗಟ್ಟಿಯಾಗಿ ನಿಂತುಕೊಂಡು ಮೂರು ಪದರದಲ್ಲಿ ತುಂಬಬೇಕು, ಒಂದೊಂದಕ್ಕೂ 25 ಸಲ ಸಲಾಕೆ ಇಳಿಸಬೇಕು. ಇಲ್ಲೊಂದು ಸೂಕ್ಷ್ಮ ಇದೆ. ಅಮೆರಿಕದ ಎಎಸ್‌ಟಿಎಂ ಸಿ143 ಅನ್ನುವ ಪರೀಕ್ಷಾ ನಿಯಮದ ಪ್ರಕಾರ ಮೂರು ಪದರವೂ ಮಾಲಿನ ಪ್ರಮಾಣದಲ್ಲಿ ಸಮ ಇರಬೇಕು, ಎತ್ತರದಲ್ಲಿ ಅಲ್ಲ. ಕೆಳಗೆ ಅಗಲ ಜಾಸ್ತಿ ಅಲ್ವಾ, ಅದಕ್ಕೆ ಮೊದಲ ಪದರ ಸುಮಾರು 70 ಮಿ.ಮೀ. ಬಂದರೆ ಸಾಕು, ಎರಡನೆಯದು 160ರವರೆಗೆ. ಯುರೋಪಿನ ಇಎನ್ 12350ರಲ್ಲಿ ಎತ್ತರವನ್ನೇ ಮೂರು ಭಾಗ ಮಾಡುತ್ತಾರೆ. ಯಾವ ನಿಯಮ ಅಂತ ಕೆಲಸದ ಕಾಗದದಲ್ಲಿ ಬರೆದಿರುತ್ತದೆ. ಒಂದನ್ನು ಹಿಡಿದರೆ ಅದನ್ನೇ ಕೊನೆವರೆಗೂ ಹಿಡಿಯಬೇಕು. ಬೆಳಿಗ್ಗೆ ಒಂದು ರೀತಿ, ಸಂಜೆ ಇನ್ನೊಂದು ರೀತಿ ತುಂಬಿದರೆ ಬೆಳಗಿನ ಅಂಕಿಯನ್ನೂ ಸಂಜೆಯ ಅಂಕಿಯನ್ನೂ ಪಕ್ಕ ಪಕ್ಕ ಇಟ್ಟು ನೋಡೋಕೆ ಆಗುವುದಿಲ್ಲ.

ಎತ್ತುವುದು ಕಲಿಯೋಕೆ ನನಗೆ ಬಹಳ ದಿನ ಬೇಕಾಯಿತು. 300 ಮಿ.ಮೀ. ಎತ್ತರವನ್ನು 5 ಸೆಕೆಂಡಿನಲ್ಲಿ, ಎರಡು ಸೆಕೆಂಡು ಆಚೆ ಈಚೆ, ನೇರ ಮೇಲಕ್ಕೆ ಎಳೆಯಬೇಕು. ತಿರುಚಬಾರದು, ಪಕ್ಕಕ್ಕೆ ವಾಲಬಾರದು. ತುಂಬಲು ಶುರು ಮಾಡಿದಾಗಿನಿಂದ ಎತ್ತಿ ಮುಗಿಯುವವರೆಗೆ ಎರಡೂವರೆ ನಿಮಿಷ ಮಾತ್ರ. ಸರ್ ಮನಸ್ಸಿನಲ್ಲಿ ಎಣಿಸೋಕೆ ಹೇಳಿಕೊಟ್ಟರು. ಒಂದು, ಎರಡು, ಮೂರು, ನಾಲ್ಕು, ಐದಕ್ಕೆ ಕೋನ್ ಬಿಡಬೇಕು. ಆಗ ಒಳಗಿನ ಮಾಲು ಮೆಲ್ಲಗೆ ಉಸಿರು ಬಿಟ್ಟ ಹಾಗೆ ಕೆಳಗಿಳಿಯುತ್ತದೆ. ಪಕ್ಕದಲ್ಲೇ ಕೋನನ್ನು ತಲೆಕೆಳಗು ಇಟ್ಟು, ಮೇಲೆ ಸಲಾಕೆ ಅಡ್ಡ ಇಟ್ಟು, ಅಲ್ಲಿಂದ ಕುಸಿದ ಕಾಂಕ್ರೀಟಿನ ನೆತ್ತಿಯವರೆಗೆ ಎಷ್ಟು ಇಳಿದಿದೆ ಅಂತ ಅಳೆಯುತ್ತೇವೆ. ಆ ಅಳತೆಯೇ ಸ್ಲಂಪ್.

ಕೆಲವು ಸಲ ಎತ್ತಿದ ತಕ್ಷಣ ಒಂದು ಕಡೆಯ ಅರ್ಧ ಭಾಗ ಜಾರಿ ಬೀಳುತ್ತದೆ. ಅದನ್ನು ಅಳೆಯೋ ಹಾಗಿಲ್ಲ. ಅದೇ ಗಾಡಿಯ ಇನ್ನೊಂದು ಭಾಗದ ಮಾಲಿನಿಂದ ಮತ್ತೆ ಮಾಡಬೇಕು. ಎರಡನೇ ಸಲವೂ ಜಾರಿದರೆ ಆ ಮಾಲಿಗೆ ಅಂಟು ಸಾಲದು, ಈ ಪರೀಕ್ಷೆ ಅದಕ್ಕೆ ಹೊಂದುವುದೂ ಇಲ್ಲ ಅಂತ ಅರ್ಥ.

ಈಗ ಮೂರನೇ ಲಾರಿಯ ಕಥೆ ನಡೆದ ಸ್ಲ್ಯಾಬಿನ ದಿನಕ್ಕೆ ಬರುತ್ತೇನೆ.

ಎಂಟು ಲಾರಿ ಬರಬೇಕಿತ್ತು, ಒಂದೊಂದರಲ್ಲೂ 6 ಘನ ಮೀಟರ್. 30ರ ಗ್ರೇಡ್, ಅಂದರೆ 28 ದಿನಕ್ಕೆ ಒಂದು ಚದರ ಮಿ.ಮೀ.ಗೆ 30 ನ್ಯೂಟನ್ ಭಾರ ತಡೆಯಬೇಕು. ಒಂದು ಘನ ಮೀಟರಿಗೆ 360 ಕೆ.ಜಿ. ಸಿಮೆಂಟ್, 162 ಲೀಟರ್ ನೀರು. ಅಂದರೆ ನೀರು ಸಿಮೆಂಟಿನ ತೂಕದ 0.45 ಪಾಲು. ಸ್ಲಂಪ್ 120 ಬೇಕು, 25 ಹೆಚ್ಚು ಕಡಿಮೆ ಆದರೆ ಪರವಾಗಿಲ್ಲ ಅಂತ ಒಪ್ಪಂದ. ಮೊದಲ ಲಾರಿ 115 ಬಂತು. ಎರಡನೆಯದು 125. ಮಾಲಿನ ಉಷ್ಣತೆ 31 ಡಿಗ್ರಿ. ಬಹಳ ಕಡೆ 35ರ ಮೇಲೆ ಹೋಗಬಾರದು ಅಂತ ಮಿತಿ ಇಟ್ಟಿರುತ್ತಾರೆ, ನಮ್ಮಲ್ಲೂ ಹಾಗೇ ಇತ್ತು. ಪಂಪು ಸಲೀಸಾಗಿ ಓಡುತ್ತಿತ್ತು. ಮೇಲೆ ಸೆಂಟ್ರಿಂಗ್ ಮೇಲೆ ವೈಬ್ರೇಟರ್ ಸದ್ದು ಕೇಳುತ್ತಿತ್ತು. ಆ ದಿನ ಮೊದಲ ಸಲ ಸರ್ ದೂರ ನಿಂತು ಎಲ್ಲವನ್ನೂ ನನ್ನ ಕೈಗೇ ಬಿಟ್ಟಿದ್ದರು.

ಮೂರನೇ ಲಾರಿ ಬಂತು. ಚ್ಯೂಟಿನಿಂದ ಬೀಳುವಾಗಲೇ ಸದ್ದು ಬೇರೆ ಇತ್ತು. ಹದವಾದ ಕಾಂಕ್ರೀಟ್ ದಪ್ ದಪ್ ಅಂತ ಬೀಳುತ್ತದೆ. ಇದು ಚಳ್ ಅಂತ ಹರಿಯಿತು. ಗಾಡಿಯಲ್ಲಿ ತಿರುವುವಾಗ ಸಲಿಕೆ ಹಗುರವಾಗಿ ಓಡಿತು. ಕೋನ್ ತುಂಬಿದೆ, ಕುಟ್ಟಿದೆ, ಎತ್ತಿದೆ. ಐದು ಎಣಿಸುವ ಮೊದಲೇ ಕುಸಿದು ಹೋಯಿತು. ಅಳೆದರೆ 195.

ನೆತ್ತಿಯೇ ಸರಿಯಾಗಿ ಉಳಿದಿರಲಿಲ್ಲ. ಬಗ್ಗಿ ನೋಡಿದೆ. ಜಲ್ಲಿ ನಡುವೆ ಗುಡ್ಡೆಯಾಗಿ ಉಳಿದಿತ್ತು, ಅಂಚಿನಲ್ಲಿ ಬೂದು ಬಣ್ಣದ ತೆಳು ಸಿಮೆಂಟ್ ಹಾಲು ತಗಡಿನ ಮೇಲೆ ಎರಡು ಬೆರಳಿನ ಅಗಲ ಹರಿದು ಹೋಗಿತ್ತು. ಅದರಾಚೆ ಬರೀ ನೀರಿನ ಒಂದು ಗೆರೆ. ಆ ಗೆರೆ ನಿಧಾನವಾಗಿ ಮುಂದಕ್ಕೆ ಹೋಗುತ್ತಿತ್ತು. ತಗಡಿಗೆ ಸಲಾಕೆಯಿಂದ ಮೆಲ್ಲಗೆ ಎರಡು ಸಲ ತಟ್ಟಿದೆ. ಮೊದಲ ಎರಡು ಲಾರಿಯ ಮಾಲಿಗೆ ಹೀಗೆ ತಟ್ಟಿದಾಗ ಇಡೀ ಗುಡ್ಡೆ ಒಟ್ಟಿಗೆ ಅಲುಗಿ ಸ್ವಲ್ಪ ಕೂತಿತ್ತು. ಇಲ್ಲಿ ಜಲ್ಲಿ ಬಿಡಿ ಬಿಡಿಯಾಗಿ ಉದುರಿತು.

ಲಾರಿ ನಿಲ್ಲಿಸೋಕೆ ಹೇಳಿ ಮತ್ತೊಮ್ಮೆ ಮಾಲು ಹಿಡಿದೆ. ಒಂದೇ ಅಂಕಿ ನೋಡಿ ಯಾರ ಲೋಡನ್ನೂ ವಾಪಸ್ ಕಳಿಸಬಾರದು, ನಮ್ಮ ಕಡೆಯಿಂದಲೂ ತಪ್ಪಾಗಿರಬಹುದು. ಎರಡನೇ ಸಲ 200.

ಅಷ್ಟರಲ್ಲಿ ಮೇಸ್ತ್ರಿ ಕೆಳಗಿಳಿದು ಬಂದರು. "ಏನ್ ಮೇಡಂ, ಪಂಪು ಖಾಲಿ ನಿಂತಿದೆ. ಸ್ಲಂಪ್ ಜಾಸ್ತಿ ಇದ್ರೆ ಒಳ್ಳೇದೇ ಅಲ್ವಾ, ಬೇಗ ಹರಡ್ತದೆ." ಅವರ ಕಷ್ಟ ನನಗೆ ಅರ್ಥ ಆಗುತ್ತಿತ್ತು. ಎರಡನೇ ಲಾರಿಯ ಮಾಲು ಅಲ್ಲಿ ಮೇಲೆ ಗಟ್ಟಿಯಾಗುತ್ತಾ ಇದೆ. ಮುಂದಿನದು ತಡವಾದರೆ ಎರಡರ ನಡುವೆ ಬೆಸುಗೆ ಸರಿಯಾಗಿ ಕೂಡುವುದಿಲ್ಲ, ಅಲ್ಲೊಂದು ಗೆರೆ ಉಳಿಯುತ್ತದೆ. ಅದೂ ಸಣ್ಣ ವಿಷಯ ಅಲ್ಲ. ಆದರೆ ಸ್ಲಂಪ್ ಜಾಸ್ತಿ ಇದ್ದರೆ ಒಳ್ಳೆಯದಾ ಅನ್ನುವ ಪ್ರಶ್ನೆಗೆ ಉತ್ತರ, ಅದು ಯಾಕೆ ಜಾಸ್ತಿ ಆಯಿತು ಅನ್ನುವುದರ ಮೇಲೆ ನಿಂತಿದೆ.

ಇದು ಬಹಳ ಜನಕ್ಕೆ ಗೊತ್ತಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸ್ಲಂಪ್ ಅಂದರೆ ಬಲ ಅಲ್ಲ. 200 ಸ್ಲಂಪ್ ಇರುವ ಬಹಳ ಗಟ್ಟಿಯಾದ ಕಾಂಕ್ರೀಟೂ ಇದೆ, 50 ಸ್ಲಂಪ್ ಇರುವ ಸಪ್ಪೆ ಕಾಂಕ್ರೀಟೂ ಇದೆ. ಸೂಪರ್ ಪ್ಲಾಸ್ಟಿಸೈಸರ್ ಅನ್ನುವ ದ್ರವ ಹಾಕಿದರೆ ಸಿಮೆಂಟಿನ ಕಣಗಳು ಒಂದಕ್ಕೊಂದು ಅಂಟಿಕೊಳ್ಳದೆ ಬಿಡಿಯಾಗುತ್ತವೆ, ನೀರು ಹಾಕದೆಯೇ ಮಾಲು ಹರಿಯುತ್ತದೆ. ಇದರಿಂದ ಬಲಕ್ಕೆ ಏನೂ ಕುಂದಿಲ್ಲ. ನೀರು ಹಾಕಿದರೂ ಮಾಲು ಹರಿಯುತ್ತದೆ, ಆದರೆ ಇಲ್ಲಿ ಬಲ ಹೋಗುತ್ತದೆ. ನೀರು ಮತ್ತು ಸಿಮೆಂಟಿನ ಪಾಲಿಗೂ ಬಲಕ್ಕೂ ಇರುವ ಈ ನಂಟನ್ನು ಅಮೆರಿಕದ ಸಂಶೋಧಕ ಡಫ್ ಏಬ್ರಮ್ಸ್ 1918ರಲ್ಲೇ ಪ್ರಕಟಿಸಿದ್ದರು. ಸಿಮೆಂಟಿಗೆ ಬೇಕಾದ್ದಕ್ಕಿಂತ ಹೆಚ್ಚಿನ ನೀರು ಎಲ್ಲಿಗೂ ಹೋಗುವುದಿಲ್ಲ. ಮೊದಲು ಜಾಗ ಹಿಡಿದುಕೊಂಡು ಕೂರುತ್ತದೆ, ಆಮೇಲೆ ಒಣಗಿ ಹೋಗಿ ಅದೇ ಜಾಗದಲ್ಲಿ ಸಣ್ಣ ಸಣ್ಣ ತೂತು ಬಿಟ್ಟು ಹೋಗುತ್ತದೆ.

ಕೋನ್ ಹತ್ತಿರ ನಿಂತು ನೋಡಿದರೆ ಈ ಎರಡೂ 195. ಅಳತೆ ಪಟ್ಟಿಗೆ ವ್ಯತ್ಯಾಸ ಗೊತ್ತಾಗದು. ಹರಿದು ಹೋದ ಹಾಲು, ಉದುರಿದ ಜಲ್ಲಿ ನೀರಿನ ಕಡೆಗೇ ಕೈ ತೋರಿಸುತ್ತಿದ್ದವು. ಆದರೆ ದ್ರವ ವಿಪರೀತ ಜಾಸ್ತಿ ಆದರೂ ಮಾಲು ಹೀಗೆ ಒಡೆಯಬಹುದು. ಕಾಂಕ್ರೀಟ್ ಕಲಸುವ ಪ್ಲಾಂಟಿನಲ್ಲಿ ಏನೇನು ಎಷ್ಟು ಹಾಕಿದರು ಅಂತ ಪ್ರಿಂಟ್ ಆಗಿ ಬರುವ ಬ್ಯಾಚ್ ಚೀಟಿ ತೆಗೆದು ನೋಡಿದೆ. ನೀರು 162 ಅಂತಲೇ ಪ್ರಿಂಟ್ ಆಗಿತ್ತು. ಮರಳಿನ ತೇವವನ್ನು ಕಳೆದು ಲೆಕ್ಕ ಹಾಕಿದ್ದೂ ಇತ್ತು. ದ್ರವದ ಅಳತೆಯೂ ಹಿಂದಿನ ಎರಡು ಚೀಟಿಗಳಷ್ಟೇ. ಕಾಗದದಲ್ಲಿ ಎಲ್ಲ ಸರಿ.

ಸರ್ ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ. ಹತ್ತಿರ ಬಂದು, "ತೂಕ ಮಾಡಮ್ಮ" ಎಂದರು ಅಷ್ಟೇ.

ನಮ್ಮ ಹತ್ತಿರ 7 ಲೀಟರಿನ ಒಂದು ಉಕ್ಕಿನ ಪಾತ್ರೆ ಇತ್ತು. ಹಸಿ ಕಾಂಕ್ರೀಟಿನ ಸಾಂದ್ರತೆ ನೋಡೋಕೆ ಅದು. ಮೂರು ಪದರ, ಒಂದೊಂದಕ್ಕೂ 25 ಸಲ ಸಲಾಕೆ, ಪ್ರತಿ ಪದರ ಆದ ಮೇಲೆ ಪಾತ್ರೆಯ ಪಕ್ಕಕ್ಕೆ ರಬ್ಬರ್ ಸುತ್ತಿಗೆಯಿಂದ 10ರಿಂದ 15 ಏಟು. ಆಮೇಲೆ ಮೇಲ್ಗಡೆ ಚಪ್ಪಟೆ ಪ್ಲೇಟಿನಿಂದ ಸಮ ಮಾಡಿ, ಅಂಚನ್ನೂ ಹೊರಮೈಯನ್ನೂ ಒರೆಸಿ, ತೂಕಕ್ಕೆ ಇಡಬೇಕು. ಹೊರಗಡೆ ಅಂಟಿದ ಒಂದು ಮುದ್ದೆ ಗಾರೆಯೂ ಲೆಕ್ಕ ಕೆಡಿಸುತ್ತದೆ.

ಬೆಳಿಗ್ಗೆ ಮೊದಲ ಲಾರಿಗೆ ಇದೇ ಪರೀಕ್ಷೆ ಮಾಡಿದ್ದೆ. ಪಾತ್ರೆಯ ತೂಕ ಕಳೆದು 16.81 ಕೆ.ಜಿ. ಬಂದಿತ್ತು, ಘನ ಮೀಟರಿಗೆ ಸುಮಾರು 2400. ಮೂರನೇ ಲಾರಿಯದು 16.64.

ವ್ಯತ್ಯಾಸ 170 ಗ್ರಾಂ. ಕೇಳೋಕೆ ಏನೂ ಅಲ್ಲ ಅನ್ನಿಸುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ಒಂದು ಘನ ಮೀಟರ್ ಕಾಂಕ್ರೀಟ್ 2400 ಕೆ.ಜಿ. ತೂಗುತ್ತದೆ, ಅದೇ ಗಾತ್ರದ ನೀರು 1000 ಕೆ.ಜಿ. ಮಾತ್ರ. ಹಾಗಾಗಿ ನೀರು ಸೇರಿದಷ್ಟೂ ಮಾಲು ಹಗುರ ಆಗುತ್ತದೆ. ಘನ ಮೀಟರಿಗೆ 16 ಲೀಟರ್ ಜಾಸ್ತಿ ಸೇರಿದೆ ಅಂತ ಇಟ್ಟುಕೊಳ್ಳಿ. 2416 ಕೆ.ಜಿ. ಮಾಲು 1.016 ಘನ ಮೀಟರಿನಲ್ಲಿ ಕೂತಿದೆ. ಭಾಗಿಸಿದರೆ 2378. ನಮ್ಮ ಪಾತ್ರೆಯಲ್ಲಿ ಅದು 16.65 ಕೆ.ಜಿ. ನಮಗೆ ಬಂದಿದ್ದು 16.64. ಇನ್ನೊಂದು ಕಡೆಯಿಂದಲೂ ನೋಡಬಹುದು. ಘನ ಮೀಟರಿಗೆ 5 ಲೀಟರ್ ನೀರು ಸೇರಿದರೆ ಸ್ಲಂಪ್ ಸುಮಾರು 25 ಮಿ.ಮೀ. ಏರುತ್ತದೆ ಅಂತ ಈ ಕೆಲಸದವರು ಇಟ್ಟುಕೊಂಡಿರುವ ಅಂದಾಜು. 120 ಇದ್ದದ್ದು 195, 200 ಆಗಿದೆ. ಅಂದರೆ 15, 16 ಲೀಟರ್. ಎರಡು ಬೇರೆ ಬೇರೆ ದಾರಿಯಲ್ಲಿ ಹೋದರೂ ಒಂದೇ ಕಡೆ ಬಂದು ನಿಂತೆವು. ಇಡೀ ಲಾರಿಗೆ ಲೆಕ್ಕ ಹಾಕಿದರೆ ನೂರು ಲೀಟರಿನ ಹತ್ತಿರ.

ಗಾಳಿ ಜಾಸ್ತಿ ಸೇರಿದರೂ ಮಾಲು ಹಗುರ ಆಗುತ್ತದೆ, ಅದನ್ನೂ ನೋಡಬೇಕು. ಅದೇ ಪಾತ್ರೆಗೆ ಒತ್ತಡದ ಮೀಟರಿನ ಮುಚ್ಚಳ ಬಿಗಿದು ನೋಡಿದೆ. 1.8 ಶೇಕಡಾ. ಬೆಳಗಿನದೂ ಹೆಚ್ಚು ಕಡಿಮೆ ಅಷ್ಟೇ ಇತ್ತು. ಹಾಗಾದರೆ ನೀರೇ. (ನೀರು ಹೆಪ್ಪುಗಟ್ಟುವಷ್ಟು ಚಳಿ ಇರುವ ಕಡೆ ಬೇಕು ಅಂತಲೇ 5, 6 ಶೇಕಡಾ ಗಾಳಿ ಸೇರಿಸುತ್ತಾರೆ, ತೂತಿನೊಳಗಿನ ನೀರು ಹಿಗ್ಗಿದಾಗ ಅದಕ್ಕೆ ಜಾಗ ಸಿಗಲಿ ಅಂತ. ಆದರೆ ಒಂದು ಶೇಕಡಾ ಗಾಳಿ ಏರಿದರೆ ಸುಮಾರು 5 ಶೇಕಡಾ ಬಲ ಇಳಿಯುತ್ತದೆ. ಅಂಥ ಕೆಲಸದಲ್ಲಿ ಈ ಮೀಟರ್ ಸ್ಲಂಪ್ ಕೋನಿಗಿಂತ ಮುಖ್ಯ.)

ಡ್ರೈವರ್ ಹತ್ತಿರ ಹೋದೆ. ವಯಸ್ಸಾದವರು, ಕಣ್ಣು ಕೆಂಪಗಿದ್ದವು. ದಾರಿಯಲ್ಲಿ ನೀರು ಹಾಕಿದ್ದಾರೆ ಅಂತಲೇ ನನ್ನ ಮನಸ್ಸಿನಲ್ಲಿ ಇತ್ತು. ಆದರೂ ಹಾಗೆ ಕೇಳಲಿಲ್ಲ. "ಅಣ್ಣ, ಲೋಡ್ ಮಾಡೋಕೆ ಮೊದಲು ಡ್ರಮ್ ತೊಳೆದಿದ್ರಾ?" ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ ಹಣೆ ಮೇಲೆ ಕೈ ಇಟ್ಟುಕೊಂಡು, "ತೊಳೆದೆ ಮೇಡಂ. ರಿವರ್ಸ್ ತಿರುಗಿಸಿ ಚೆಲ್ಲಬೇಕಿತ್ತು, ಅಷ್ಟೊತ್ತಿಗೆ ಲೋಡಿಗೆ ಕರೆದ್ರು" ಎಂದರು.

ಅಷ್ಟೇ ಆಗಿದ್ದು. ಹಿಂದಿನ ಟ್ರಿಪ್ ಮುಗಿಸಿ ಡ್ರಮ್ ತೊಳೆದ ನೀರು ತಳದಲ್ಲೇ ಉಳಿದಿತ್ತು. ಪ್ಲಾಂಟಿನವರು 162ರ ಲೆಕ್ಕದಲ್ಲಿ ಸರಿಯಾಗಿಯೇ ಹಾಕಿದ್ದರು, ಡ್ರಮ್ಮಿನೊಳಗೆ ಮೊದಲೇ ಏನಿದೆ ಅಂತ ಅವರ ಕಂಪ್ಯೂಟರಿಗೆ ಹೇಗೆ ಗೊತ್ತಾಗಬೇಕು. ಡ್ರೈವರ್ ನಿಜ ಹೇಳಿದ್ದಕ್ಕೆ ನನಗೆ ಇವತ್ತಿಗೂ ಅವರ ಮೇಲೆ ಗೌರವ ಇದೆ. ಇಲ್ಲ ಅಂದಿದ್ದರೆ ನಾನೂ ಪ್ಲಾಂಟಿನವರೂ ಫೋನಿನಲ್ಲಿ ಅರ್ಧ ದಿನ ಜಗಳ ಆಡುತ್ತಿದ್ದೆವು.

178 ಲೀಟರ್ ನೀರು, 360 ಸಿಮೆಂಟ್. 0.45 ಇದ್ದ ಪಾಲು 0.49 ದಾಟಿತ್ತು. ಲೋಡ್ ವಾಪಸ್ ಅಂತ ಬರೆದು ಸಹಿ ಹಾಕಿದೆ. ಕೈ ನಡುಗಲಿಲ್ಲ ಅಂದರೆ ಸುಳ್ಳಾಗುತ್ತದೆ. 14 ಟನ್ ಮಾಲು, ಅದರ ಹಿಂದಿನ ಎಲ್ಲರ ಕೆಲಸ. ಮೇಸ್ತ್ರಿ ಮಾತಾಡದೆ ಮೇಲೆ ಹತ್ತಿ ಹೋದರು. ಮೇಲಿದ್ದ ಮಾಲಿನ ಅಂಚಿಗೆ ಒದ್ದೆ ಗೋಣಿ ಹೊದಿಸಿ, ಮುಂದಿನದು ಬರುವವರೆಗೆ ಆಗಾಗ ಕೈಯಿಂದ ಒತ್ತಿ ನೋಡುತ್ತಿದ್ದರು, ಇನ್ನೂ ವೈಬ್ರೇಟರ್ ಒಳಗೆ ಇಳಿಯುತ್ತದಾ ಅಂತ.

ಲಾರಿ ಹೊರಡುವ ಮೊದಲು ಸರ್ ನನ್ನಿಂದ ಇನ್ನೊಂದು ಕೆಲಸ ಮಾಡಿಸಿದರು. ಅದೇ ಮಾಲಿನಿಂದ ಮೂರು ಕ್ಯೂಬ್ ಹಾಕಿಸಿದರು, ಗಟ್ಟಿಯಾದ ಮೇಲೆ ಮಷೀನಿನಲ್ಲಿ ಒಡೆದು ಬಲ ನೋಡುವ ಚೌಕ ಗಟ್ಟಿಗಳು. ವಾಪಸ್ ಕಳಿಸುವ ಮಾಲಿಗೆ ಕ್ಯೂಬ್ ಯಾಕೆ ಸರ್ ಅಂದೆ. "28 ದಿನ ಬಿಟ್ಟು ನೋಡೋಣ, ನಾವಿಬ್ಬರೂ ಕಲಿಯೋಣ" ಎಂದರು. ಅಷ್ಟು ವರ್ಷ ಈ ಕೆಲಸ ಮಾಡಿದವರು ನಾವಿಬ್ಬರೂ ಕಲಿಯೋಣ ಅಂದಿದ್ದು ನನಗೆ ಮರೆಯೋಕೆ ಆಗಿಲ್ಲ.

ನಾಲ್ಕನೇ ಲಾರಿಗೆ ತಿರುಗಾ ಮುರುಗಾ ಆಯಿತು. ಈ ಗಲಾಟೆಯಲ್ಲಿ ಅದು ಗೇಟಿನ ಹತ್ತಿರ ಬಿಸಿಲಿನಲ್ಲಿ ಕಾದಿತ್ತು. ನೀರು ಸೇರಿ 80 ನಿಮಿಷ ಆಗಿತ್ತು, ಉಷ್ಣತೆ 33, ಸ್ಲಂಪ್ 75. ಬಹಳ ಕಡೆ 90 ನಿಮಿಷದೊಳಗೆ ಮಾಲು ಖಾಲಿ ಆಗಬೇಕು ಅಂತ ಲೆಕ್ಕ, ಸಮಯ ಜಾಸ್ತಿ ಇರಲಿಲ್ಲ. ಪಂಪಿನ ಆಪರೇಟರ್ ಒಂದು ಬಕೆಟ್ ನೀರು ಹಾಕಿ ಬಿಡಿ ಅಂದ. ಬೇಡ ಅಂದೆ. ಪ್ಲಾಂಟಿನವರ ಜೊತೆ ಮೊದಲೇ ಮಾತಾಗಿತ್ತು, ಅವರು ಕೊಟ್ಟಿದ್ದ ದ್ರವವನ್ನೇ ಅವರು ಹೇಳಿದಷ್ಟೇ ಅಳೆದು ಹಾಕಿದೆವು. ಹಾಕಿದ ಮೇಲೆ ಘನ ಮೀಟರಿಗೆ ಒಂದು ನಿಮಿಷದಂತೆ ಡ್ರಮ್ ಜೋರಾಗಿ ತಿರುಗಬೇಕು, ಎಷ್ಟೇ ಕಡಿಮೆ ಮಾಲಿದ್ದರೂ 5 ನಿಮಿಷಕ್ಕೆ ಕಡಿಮೆ ಇಲ್ಲ. ಆರು ನಿಮಿಷ ಗಡಿಯಾರ ನೋಡಿಕೊಂಡು ನಿಂತೆವು. ಮತ್ತೆ ಸ್ಲಂಪ್ ನೋಡಿದರೆ 120. ಎತ್ತಿದಾಗ ಗುಡ್ಡೆ ಮೆತ್ತಗೆ ಇಳಿದು, ಅಂಚೆಲ್ಲ ದುಂಡಗೆ ನಿಂತಿತು. ಒಂದು ಹನಿ ನೀರೂ ಹೊರಗೆ ಬರಲಿಲ್ಲ. ನೀರಿಗೂ ದ್ರವಕ್ಕೂ ಇರುವ ವ್ಯತ್ಯಾಸ ಅದೇ ತಗಡಿನ ಮೇಲೆ, ಒಂದೇ ಗಂಟೆಯೊಳಗೆ ಎರಡನ್ನೂ ನೋಡಿದೆ.

ಉಳಿದ ಲಾರಿಗಳಲ್ಲಿ ಹೇಳುವಂಥದ್ದು ಏನೂ ಇರಲಿಲ್ಲ. ಸಂಜೆ ಹೊತ್ತಿಗೆ ಸ್ಲ್ಯಾಬ್ ಮುಗಿಯಿತು.

ಕ್ಯೂಬ್ ವಿಷಯ ಸ್ವಲ್ಪ ಹೇಳಬೇಕು, ಯಾಕೆಂದರೆ ಅಲ್ಲೂ ಒಂದು ಎಡವಟ್ಟಾಯಿತು. 150 ಮಿ.ಮೀ. ಮೋಲ್ಡ್, ಒಳಗೆ ತೆಳುವಾಗಿ ಎಣ್ಣೆ, ಮೂರು ಪದರ, ಒಂದೊಂದಕ್ಕೂ 35 ಏಟು. ಮೇಲೆ ಕರಣೆಯಿಂದ ಸಮ ಮಾಡಿ, ಚೀಟಿ ಅಂಟಿಸಿ, ಒದ್ದೆ ಗೋಣಿ ಹೊದಿಸಿ, ಅಲುಗದ ಜಾಗದಲ್ಲಿ ಒಂದು ದಿನ ಇಡಬೇಕು. ಎರಡನೇ ಲಾರಿಯ ಒಂದು ಮೋಲ್ಡನ್ನು ಯಾರೋ ದಾರಿಗೆ ಅಡ್ಡ ಅಂತ ಮೂರು ನಾಲ್ಕು ಗಂಟೆ ಆದ ಮೇಲೆ ಎತ್ತಿ ಪಕ್ಕಕ್ಕೆ ಇಟ್ಟಿದ್ದರು. ಮಾಲು ಆಗ ಬಿಗಿಯೋಕೆ ಶುರು ಮಾಡಿರುತ್ತದೆ. ಅಲುಗಿಸಿದರೆ ಒಳಗೆ ಕಣ್ಣಿಗೆ ಕಾಣದ ಬಿರುಕು ಬೀಳಬಹುದು. ಮಾರನೇ ದಿನ ಗೋಣಿ ತೆಗೆದಾಗ ಗುರುತು ಮಾಡಿದ ಜಾಗದಲ್ಲಿ ಅದು ಇರಲಿಲ್ಲ. ಅದನ್ನು ಆಗಲೇ ರಿಜಿಸ್ಟರಿನಲ್ಲಿ ಬರೆದಿಟ್ಟೆ. ಬಿಡಿಸಿ, ನೀರಿನ ತೊಟ್ಟಿಗೆ ಹಾಕಿದೆವು.

28 ದಿನ ಆಯಿತು. ಮೊದಲ ಲಾರಿಯ ಮೂರು ಕ್ಯೂಬಿನ ಸರಾಸರಿ 39. ಎರಡನೆಯದರಲ್ಲಿ 39, 40, ಆಮೇಲೆ ಆ ಎತ್ತಿಟ್ಟ ಕ್ಯೂಬ್ 30. ನಾವು ಅನುಸರಿಸುತ್ತಿದ್ದ ನಿಯಮದಲ್ಲಿ ಯಾವುದೇ ಒಂದು ಕ್ಯೂಬ್ ಸರಾಸರಿಯಿಂದ 15 ಶೇಕಡಾಕ್ಕಿಂತ ದೂರ ಹೋದರೆ ಆ ಸೆಟ್ಟೇ ಲೆಕ್ಕಕ್ಕಿಲ್ಲ. ಒಳ್ಳೆಯ ಮಾಲು, ಕೆಟ್ಟ ಫಲಿತಾಂಶ. ರಿಜಿಸ್ಟರಿನಲ್ಲಿ ಆ ಒಂದು ಸಾಲು ಬರೆದಿಲ್ಲದಿದ್ದರೆ ಸ್ಲ್ಯಾಬಿನ ಆ ಭಾಗವನ್ನು ಕೊರೆದು ನೋಡಬೇಕಾಗುತ್ತಿತ್ತೇನೋ.

ವಾಪಸ್ ಕಳಿಸಿದ ಮೂರನೇ ಲಾರಿಯದು 34.

34 ಅಂದರೆ 30ರ ಗ್ರೇಡಿಗೆ ಪಾಸು. ಮಷೀನಿನ ಮುಂದೆ ನಿಂತು ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಬಳಸಬಹುದಾಗಿದ್ದ ಮಾಲನ್ನು ನಾನು ಚೆಲ್ಲಿಸಿದೆನಾ? ಮೇಸ್ತ್ರಿ ಕೇಳಿದರೆ ಏನು ಹೇಳಲಿ?

ಸರ್ ಒಡೆದ ಕ್ಯೂಬಿನ ತುಂಡನ್ನು ಕೈಗೆತ್ತಿಕೊಂಡು ನಿಧಾನವಾಗಿ ಮಾತಾಡಿದರು. 30 ಬೇಕಾದಲ್ಲಿ ನಾವು 38ಕ್ಕೆ ಗುರಿ ಇಟ್ಟು ಮಿಶ್ರಣ ಮಾಡಿರುತ್ತೇವೆ. ಆ 8 ಯಾಕಿದೆ? ಮಾಲು ದಿನ ದಿನಕ್ಕೆ ಸ್ವಲ್ಪ ಆಚೆ ಈಚೆ ಆಗುತ್ತದೆ, ಅದಕ್ಕೆ. ಈ ಕ್ಯೂಬನ್ನು ನೀನು 35 ಏಟು ಲೆಕ್ಕ ಹಾಕಿ ಕುಟ್ಟಿದ್ದೀಯ, 27 ದಿನ ನೀರಿನಲ್ಲಿ ಮುಳುಗಿಸಿಟ್ಟಿದ್ದೀಯ. ಸ್ಲ್ಯಾಬಿಗೆ ಆ ಭಾಗ್ಯ ಇದೆಯಾ? ಅಲ್ಲಿ ಕಂಬಿ ದಟ್ಟ ಇರುವ ಕಡೆ ವೈಬ್ರೇಟರ್ ಸರಿಯಾಗಿ ಇಳಿಯುವುದಿಲ್ಲ, ಬಿಸಿಲು ಗಾಳಿ ತಾಗುತ್ತದೆ, ನೀರುಣಿಸುವುದು ಒಂದು ದಿನ ತಪ್ಪುತ್ತದೆ. ಅವುಗಳಿಗೆ ಇಟ್ಟಿದ್ದ ಜಾಗವನ್ನು ಒಂದು ಡ್ರಮ್ ತೊಳೆದ ನೀರು ಮೊದಲೇ ತಿಂದು ಹಾಕಿತ್ತು. ಇಷ್ಟು ಹೇಳಿ ತುಂಡನ್ನು ನನ್ನ ಕೈಗೆ ಕೊಟ್ಟರು. "ಇಲ್ಲಿ ನೋಡು."

ಕ್ಯೂಬಿನ ಮೇಲ್ಭಾಗದ ತುಂಡು ಅದು. ಕರಣೆ ಆಡಿಸಿದ ಮೈಯಿಂದ ಕೆಳಗೆ ಅರ್ಧ ಬೆರಳಿನಷ್ಟು ಆಳಕ್ಕೆ ಬರೀ ಬೂದು ಗಾರೆ, ಒಂದೂ ಜಲ್ಲಿ ಇಲ್ಲ. ಉಗುರಿನಿಂದ ಕೆರೆದರೆ ಪುಡಿ ಬಂತು. ಜಲ್ಲಿಯ ಅಡಿಭಾಗದಲ್ಲಿ ಸಣ್ಣ ಸಣ್ಣ ಕುಳಿ, ಮೇಲಕ್ಕೆ ಏರುತ್ತಿದ್ದ ನೀರು ಜಲ್ಲಿ ಅಡ್ಡ ಬಂದಲ್ಲಿ ನಿಂತು ಒಣಗಿದ ಜಾಗ. ಸ್ಲ್ಯಾಬಿನಲ್ಲಿ ಆಗಿದ್ದರೆ ಹೀಗೇ ಕಂಬಿಯ ಅಡಿಯಲ್ಲೂ ನಿಲ್ಲುತ್ತಿತ್ತು. ಆ ಕುಳಿಗಳ ಬಗ್ಗೆ 34 ಅನ್ನುವ ಅಂಕಿ ಏನೂ ಹೇಳುವುದಿಲ್ಲ. ಆ ದಿನ ತಗಡಿನ ಮೇಲೆ ಹರಿದ ನೀರಿನ ಗೆರೆ ಹೇಳಿತ್ತು.

ಮೇಸ್ತ್ರಿಯನ್ನು ಕರೆದು ಆ ತುಂಡನ್ನೇ ತೋರಿಸಿದೆ. ಅವರೂ ಉಗುರಿನಿಂದ ಕೆರೆದು ನೋಡಿದರು. "ಮೇಲೆ ಹಾಕಿದ್ರೆ ಒಂದು ವರ್ಷಕ್ಕೆ ಧೂಳು ಏಳ್ತಿತ್ತು ಇದು" ಎಂದರು. ಗಾರೆಯನ್ನು ಕೈಯಲ್ಲಿ ಹಿಡಿದು ಬೆಳೆದವರು, ನನ್ನ ಯಾವ ಲೆಕ್ಕವೂ ಅವರಿಗೆ ಬೇಕಾಗಲಿಲ್ಲ.

ಆಮೇಲೆ ನಮ್ಮ ಸೈಟಿನ ಫಾರ್ಮಿನಲ್ಲಿ ಒಂದು ಸಾಲು ಸೇರಿಸಿದೆವು, ಲಾರಿ ಗೇಟಿಗೆ ಬಂದ ಸಮಯದ ಕೆಳಗೆ: ಲೋಡಿಗೆ ಮೊದಲು ಡ್ರಮ್ ಖಾಲಿ ಮಾಡಿದ್ದಾರಾ. ಪ್ಲಾಂಟಿನವರೂ ಲೋಡ್ ಹಾಕುವ ಮೊದಲು ಡ್ರಮ್ ರಿವರ್ಸ್ ತಿರುಗಿಸಿ ತೋರಿಸಬೇಕು ಅಂತ ಮಾಡಿದರು. ಕೆಲವು ವಾರ ಬಿಟ್ಟು ಅದೇ ಡ್ರೈವರ್ ಅಣ್ಣ ಮತ್ತೆ ಬಂದರು. ನಾನು ಕೇಳುವ ಮೊದಲೇ ಕಿಟಕಿಯಿಂದ ಬಗ್ಗಿ, "ಚೆಲ್ಲಿ ಬಂದಿದ್ದೀನಿ ಮೇಡಂ" ಎಂದರು. ಕೋನ್ ಒರೆಸಿ, ಕಿವಿಗಳ ಮೇಲೆ ನಿಂತು, ತುಂಬಿ ಎತ್ತಿದೆ. ಅವರೂ ಇಳಿದು ಬಂದು ಪಕ್ಕದಲ್ಲಿ ನಿಂತು ನೋಡಿದರು. 115.